ಪೇಪರಿನ ಉತ್ತರ, ಕೈಯ ಉತ್ತರ

ಮಸ್ಕಿಯಿಂದ ಸಿಂಧನೂರಿಗೆ ಬರುತ್ತಿದ್ದ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತಿದ್ದೆ. ಕಾಲುವೆ ನೀರಿನ ಹೊಲಗಳು ಶುರುವಾದ ಮೇಲೆ, ರಸ್ತೆಯ ಎಡಗಡೆಯ ಗದ್ದೆಯಲ್ಲಿ ಇಬ್ಬರು ಬೆನ್ನಿಗೆ ಪಂಪು ಕಟ್ಟಿಕೊಂಡು ಭತ್ತಕ್ಕೆ ಎಣ್ಣೆ ಹೊಡೆಯುತ್ತಿದ್ದರು. ನಮ್ಮ ಕಡೆ ಕೀಟನಾಶಕಕ್ಕೆ ಎಣ್ಣೆ ಅಂತಲೇ ಹೆಸರು. ಗಾಳಿ ರಸ್ತೆಯ ಕಡೆಗಿತ್ತು. ಹಳಸಿದ ಬೆಳ್ಳುಳ್ಳಿಗೆ ಸೀಮೆಎಣ್ಣೆ ಬೆರೆಸಿದಂಥ ವಾಸನೆ ಬಸ್ಸಿನೊಳಗೆ ಬಂತು. ಹಿಂದಿನ ಸೀಟಿನ ಹೆಣ್ಣುಮಗಳು ಸೆರಗಿನಿಂದ ಮೂಗು ಮುಚ್ಚಿಕೊಂಡು, “ಕಿಡಕಿ ಎಳಿರಿ ಯಕ್ಕಾ” ಅಂದಳು. ಎಳೆಯಬೇಕು ಅಂತ ಕೈ ಎತ್ತಿದೆ. ಕೈ ಅಲ್ಲೇ ನಿಂತಿತು... ಕೊನೆಗೆ ಅವಳೇ ಎದ್ದು ಬಂದು ಎಳೆದಳು.

ನನ್ನ ತೊಡೆಯ ಮೇಲೆ ಒಂದು ಪುಸ್ತಕ ಇತ್ತು. ಒಂದು ಗಂಟೆಯ ಹಿಂದಷ್ಟೇ ಮಸ್ಕಿಯ ಒಂದು ಮನೆಯಲ್ಲಿ ಅದು ನನ್ನ ಕೈಗೆ ಬಂದಿತ್ತು. ಪುಸ್ತಕ ಅನ್ನುವುದಕ್ಕಿಂತ ಝೆರಾಕ್ಸ್ ಹಾಳೆಗಳ ಕಟ್ಟು ಅನ್ನಬೇಕು. ಸಿಂಧನೂರು ಬಸ್‌ಸ್ಟ್ಯಾಂಡಿನ ಎದುರಿನ ಅಂಗಡಿಯಲ್ಲಿ ಮಾಡಿಸಿ, ತಂತಿಯ ಸುರುಳಿ ಹಾಕಿಸಿದ್ದು. ಪ್ರತಿ ಪುಟದಲ್ಲೂ ಇಂಗ್ಲಿಷಿನಲ್ಲಿ ಪ್ರಶ್ನೆಗಳು, ಪ್ರತಿ ಪ್ರಶ್ನೆಗೆ ನಾಲ್ಕು ಉತ್ತರ. ಅಂಚಿನಲ್ಲಿ ಪೆನ್ಸಿಲಿನಿಂದ ಎರಡು ಉದ್ದನೆಯ ಗೆರೆ ಎಳೆದು ಮಾಡಿದ ಎರಡು ಉದ್ದ ಸಾಲು. ಒಂದರ ತಲೆಯ ಮೇಲೆ ‘ಪೇ’, ಇನ್ನೊಂದರ ತಲೆಯ ಮೇಲೆ ‘ಕೈ’. ಪೇಪರಿನ ಉತ್ತರ, ಕೈಯ ಉತ್ತರ. ಆ ಗೆರೆಗಳನ್ನು ಎಳೆಸಿದವಳು ನಾನು.

ಪುಸ್ತಕ ಅವರದು. ಅವರು ತೀರಿಕೊಂಡು ಐದು ತಿಂಗಳಾಗಿತ್ತು. ನನಗೆ ತಿಳಿದದ್ದು ಹೋದ ವಾರ.

ಅವರನ್ನು ಎಲ್ಲರೂ ದೊಡ್ಡ ಸಿಸ್ಟರ್ ಅನ್ನುತ್ತಿದ್ದರು. ಸಿಂಧನೂರಿನಲ್ಲಿ ಹನ್ನೆರಡು ಹಾಸಿಗೆಯ ಒಂದು ಖಾಸಗಿ ದವಾಖಾನೆ. ಅಲ್ಲಿ ಹದಿನೆಂಟು ವರ್ಷ ನರ್ಸ್ ಆಗಿದ್ದರು. ಮಸ್ಕಿಯವರು. ಅವರ ಮನೆತನದಲ್ಲಿ ತಿಂಗಳ ಸಂಬಳ ತಂದ ಮೊದಲ ಹೆಣ್ಣು. ಬಾಡಿಗೆಯ ಕೋಣೆಯ ಗೂಡಿನಲ್ಲಿ ಬುದ್ಧನ ಒಂದು ಸಣ್ಣ ಮೂರ್ತಿ ಇಟ್ಟುಕೊಂಡಿದ್ದರು. ಅದರ ಮಗ್ಗಲಿಗೆ ಅವರ ತಾಯಿ ಕೊಟ್ಟ ವಿಭೂತಿ ಗಟ್ಟಿ. ಎರಡನ್ನೂ ಒಂದೇ ಅರಿವೆಯಿಂದ ಒರೆಸುತ್ತಿದ್ದರು. ಮದುವೆ ಆಗಿರಲಿಲ್ಲ. ಆ ವಿಷಯ ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ದವಾಖಾನೆಗೆ ಇದ್ದದ್ದು ಒಬ್ಬರೇ ಡಾಕ್ಟರು. ಅವರಿಗೆ ಸೋಮವಾರ ಮಸ್ಕಿ, ಗುರುವಾರ ಲಿಂಗಸುಗೂರು. ಎರಡೂ ಊರುಗಳಲ್ಲಿ ಬೇರೆಯವರ ದವಾಖಾನೆಗಳಿಗೆ ಹೋಗಿ ರೋಗಿಗಳನ್ನು ನೋಡುತ್ತಿದ್ದರು, ಆಪರೇಶನ್ ಇದ್ದರೆ ಮಾಡುತ್ತಿದ್ದರು. ಹೊರಡುವ ಮುಂಚೆ, ಬೆಳಿಗ್ಗೆ, ಹತ್ತು ಹದಿನೈದು ಖಾಲಿ ಕೇಸ್ ಶೀಟುಗಳ ಕೆಳಗೆ ಸಹಿ ಮಾಡಿ ದೊಡ್ಡ ಸಿಸ್ಟರ್ ಕೈಗೆ ಕೊಡುತ್ತಿದ್ದರು. ಅವು ಡ್ಯೂಟಿ ರೂಮಿನ ಮೇಜಿಗಿದ್ದ ಎರಡು ಡ್ರಾಯರುಗಳಲ್ಲಿ ಮೇಲಿನದರಲ್ಲಿರುತ್ತಿದ್ದವು. ರೋಗಿ ಬಂದರೆ ದೊಡ್ಡ ಸಿಸ್ಟರ್ ನೋಡುವುದು, ಬೇಕಾದ ಔಷಧ ಕೊಡುವುದು, ಆಮೇಲೆ ಆ ಸಹಿಯ ಮೇಲಿನ ಖಾಲಿ ಜಾಗದಲ್ಲಿ ಬರೆಯುವುದು. ಸಂಜೆ ಡಾಕ್ಟರು ಬಂದು ಓದಿ, “ಸರಿ ಐತಿ” ಅನ್ನುತ್ತಿದ್ದರು. ಹದಿನೆಂಟು ವರ್ಷ ಹೀಗೇ ನಡೆದಿತ್ತು. ಇದರಲ್ಲಿ ಯಾರಿಗೂ ಏನೂ ವಿಚಿತ್ರ ಕಂಡಿರಲಿಲ್ಲ.

ನಾನು ಆಗ ಸಿಂಧನೂರಿನ ಒಂದು ನರ್ಸಿಂಗ್ ಶಾಲೆಯಲ್ಲಿ ಟ್ಯೂಟರ್ ಆಗಿದ್ದೆ. ನನ್ನ ಊರು ಲಿಂಗಸುಗೂರು, ಆಗ ವಯಸ್ಸು ಇಪ್ಪತ್ತೈದು. ಹುಡುಗಿಯರನ್ನು ಕರೆದುಕೊಂಡು ವಾರ್ಡಿನ ಕೆಲಸ ಕಲಿಸಲು ಆ ದವಾಖಾನೆಗೆ ಹೋಗುತ್ತಿದ್ದೆ. ಕಲಿಸುವವಳು ನಾನು ಅಂತ ಹೆಸರು. ಆದರೆ ವಾಂತಿ ಭೇದಿಯಾಗಿ ಮೈಯ ನೀರು ಆರಿದ ಕೂಸಿನ ಕೈಯಲ್ಲಿ ನರ ಸಿಗದಿದ್ದಾಗ ಹುಡುಗಿಯರು ನನ್ನ ಮುಖ ನೋಡುತ್ತಿರಲಿಲ್ಲ, ದೊಡ್ಡ ಸಿಸ್ಟರ್ ಇರುವ ಕಡೆ ನೋಡುತ್ತಿದ್ದರು. ಅವರು ಬಂದು, ಕೂಸಿನ ಮುಂಗೈಯನ್ನು ತಮ್ಮ ಹೆಬ್ಬೆರಳಿನಿಂದ ಎರಡು ಸಲ ಸವರಿ, ಕಣ್ಣು ಬೇರೆಲ್ಲೋ ಇಟ್ಟುಕೊಂಡು ಸೂಜಿ ಹಾಕಿಬಿಡುತ್ತಿದ್ದರು. ಸಲೈನಿನ ಹನಿ ಎಣಿಸಲು ಗಡಿಯಾರ ನೋಡಿದ್ದನ್ನು ನಾನು ಕಾಣಲಿಲ್ಲ. ಆಮೇಲೆ ನಾನು ಕದ್ದು ಗಡಿಯಾರ ಹಿಡಿದು ಎಣಿಸಿದ್ದೇನೆ. ತಪ್ಪಿರುತ್ತಿರಲಿಲ್ಲ.

ಆದರೆ ಗಲ್ಫ್ ದೇಶದ ನರ್ಸಿಂಗ್ ಲೈಸೆನ್ಸ್ ಪರೀಕ್ಷೆಯನ್ನು ಮೊದಲ ಸಲಕ್ಕೇ ಪಾಸು ಮಾಡಿದವಳು ನಾನು. ಅದೇ ಪರೀಕ್ಷೆಯಲ್ಲಿ ಅವರು ಎರಡು ಸಲ ನಪಾಸಾಗಿದ್ದರು. ಮೂರನೆಯದು ಕೊನೆಯದು, ಅದರಲ್ಲೂ ಹೋದರೆ ಮತ್ತೆ ಕೂರಲು ಬಿಡುವುದಿಲ್ಲ ಅಂತ ನಿಯಮ ಇತ್ತು. ನನ್ನ ವೀಸಾದ ಕಾಗದಗಳು ಬರುವುದಿನ್ನೂ ತಡ ಇತ್ತು. ಒಂದು ದಿನ ಹುಡುಗಿಯರೆಲ್ಲ ಹೋದ ಮೇಲೆ ಅವರು ನನ್ನನ್ನು ತಡೆದು, ಮೊದಲ ಸಲ ಸ್ವಲ್ಪ ಸಂಕೋಚದಿಂದ ಮಾತಾಡಿದರು.

“ಟೀಚರಮ್ಮ, ನನಗೂ ನಾಕು ಅಕ್ಷರ ಹೇಳಿಕೊಡ್ತೀರೇನು? ನಿಮ್ಮ ಹುಡುಗ್ಯಾರಿಗಿಂತ ದಡ್ಡಿ ಅದೀನಿ, ಮೊದ್ಲ ಹೇಳ್ತೀನಿ.”

ಈ ವಯಸ್ಸಿನಲ್ಲಿ ಹೊರದೇಶ ಯಾಕೆ ಅಂತ ನಾನು ಕೇಳಿದೆ. ಆಗ ಅವರಿಗೆ ನಲವತ್ತೊಂದು. ಎಲ್ಲರೂ ಹೇಳುವ ದುಡ್ಡಿನ ಕಾರಣವನ್ನೇ ಹೇಳುತ್ತಾರೆ ಅಂದುಕೊಂಡಿದ್ದೆ. ಅವರು ಕೈ ಒರೆಸುತ್ತಿದ್ದ ಟವೆಲನ್ನು ಮಡಚಿ, ಮತ್ತೆ ಬಿಚ್ಚಿ, ಮತ್ತೆ ಮಡಚಿದರು.

“ಡಾಕ್ಟರು ಮಗ್ಗಲದಾಗ ಇರೋ ದವಾಖಾನಿಯೊಳಗ ಒಂದೀಟು ದಿನ ಕೆಲಸ ಮಾಡಬೇಕು ಬೇ. ಕರೆದ್ರ ಬರಬೇಕು ಅವರು. ಅಷ್ಟ.”

ಅಷ್ಟೇ ಅವರಿಗೆ ಬೇಕಾಗಿದ್ದದ್ದು. ಹದಿನೆಂಟು ವರ್ಷ ಒಬ್ಬರೇ ತೀರ್ಮಾನ ಮಾಡಿ ಮಾಡಿ ಅವರು ದಣಿದಿದ್ದರು. ನನಗೆ ಅದು ಆಗ ಅರ್ಥವಾಯಿತು ಅಂತ ಹೇಳಿದರೆ ಸುಳ್ಳಾಗುತ್ತದೆ.

ಮಧ್ಯಾಹ್ನ ಒಂದೂವರೆಯಿಂದ ಮೂರರವರೆಗೆ ವಾರ್ಡು ಸುಮ್ಮನಿರುತ್ತಿತ್ತು. ಆ ಹೊತ್ತಿಗೆ ಡ್ಯೂಟಿ ರೂಮಿನಲ್ಲಿ ಕೂರುತ್ತಿದ್ದೆವು. ಹಿಂದೆ ಒಂದು ರೈಸ್ ಮಿಲ್ಲು. ಅದರ ಸದ್ದಿನ ಮೇಲೆ ದನಿ ಎತ್ತಿ ಓದಬೇಕಾಗುತ್ತಿತ್ತು. ಪುಟ ತಿರುವಿದರೆ ತೌಡಿನ ಪುಡಿ ಬೆರಳಿಗೆ ಹತ್ತುತ್ತಿತ್ತು. ಅವರ ಇಂಗ್ಲಿಷ್ ನಿಧಾನ, ಆದರೆ ರೋಗದ ಹೆಸರು, ಔಷಧದ ಹೆಸರು ಎಲ್ಲ ಗೊತ್ತು. ಎರಡು ದಿನ ನೋಡಿದ ಮೇಲೆ ಅವರು ಯಾಕೆ ನಪಾಸಾಗುತ್ತಿದ್ದಾರೆ ಅನ್ನುವುದು ನನಗೆ ತಿಳಿಯಿತು. ಅವರಿಗೆ ಬರುತ್ತಿರಲಿಲ್ಲ ಅಂತಲ್ಲ. ಪ್ರಶ್ನೆಯನ್ನು ಓದಿದ ಕೂಡಲೇ ಅವರು ಆ ರೋಗಿಯನ್ನು ಸಿಂಧನೂರಿನ ಆ ದವಾಖಾನೆಯ ಹಾಸಿಗೆಯ ಮೇಲೆ ಮಲಗಿಸಿಬಿಡುತ್ತಿದ್ದರು. ಡಾಕ್ಟರು ಲಿಂಗಸುಗೂರಿಗೆ ಹೋಗಿದ್ದಾರೆ, ಉಳಿದವರು ತಾವೊಬ್ಬರೇ. ಹಾಗಾಗಿ ‘ನರ್ಸ್ ಮೊದಲು ಏನು ಮಾಡಬೇಕು’ ಅಂತ ಕೇಳಿದರೆ, ಔಷಧ ಕೊಡುವ ಉತ್ತರಕ್ಕೇ ಅವರ ಪೆನ್ಸಿಲು ಹೋಗುತ್ತಿತ್ತು.

“ಆರ್ಡರ್ ಇಲ್ಲಲ್ರೀ ಅಕ್ಕಾ,” ಅಂದೆ. “ಮೊದಲು ನೋಡಬೇಕು, ಬರಕೋಬೇಕು, ಡಾಕ್ಟರಿಗೆ ಹೇಳಬೇಕು. ಆರ್ಡರ್ ಇಲ್ಲದ ಔಷಧಿ ಮುಟ್ಟೋ ಉತ್ತರ ಯಾವತ್ತೂ ತಪ್ಪು.”

“ಆರ್ಡರ್ ಬರೋತನಕ ಅವ ಇರ್ತಾನೇನು?”

“ಪೇಪರಿನಾಗ ಇರ್ತಾನ್ರೀ. ಪೇಪರಿನಾಗ ಡಾಕ್ಟರು ಬಾಗಲದಾಗ ನಿಂತಿರ್ತಾರ.”

ಅವರು ಬಾಗಿಲ ಕಡೆ ನೋಡಿದರು. ನಕ್ಕರು. “ಎಂಥಾ ಊರು ಬೇ ಅದು,” ಅಂದರು.

ಆವತ್ತೇ ಗೆರೆ ಎಳೆಸಿದೆ. ಪ್ರತಿ ಪ್ರಶ್ನೆಗೆ ಮೊದಲು ತಮ್ಮ ಕೈ ಏನು ಮಾಡುತ್ತಿತ್ತೋ ಅದನ್ನು ‘ಕೈ’ ಅಂತಿರುವಲ್ಲಿ ಬರೆಯಬೇಕು. ಆಮೇಲೆ, ಡಾಕ್ಟರು ಬಾಗಿಲಲ್ಲಿ ನಿಂತಿದ್ದಾರೆ ಅಂದುಕೊಂಡು ‘ಪೇ’ ಅಂತಿರುವಲ್ಲಿ ಬರೆಯಬೇಕು. ಎರಡೂ ಒಂದೇ ಆಗುವ ತನಕ ಅಭ್ಯಾಸ. ಆ ಉಪಾಯದ ಬಗ್ಗೆ ನನಗೆ ಹೆಮ್ಮೆ ಇತ್ತು. ಶಾಲೆಯಲ್ಲಿ ಇನ್ನಿಬ್ಬರಿಗೆ ಹೇಳಿಯೂ ಬಂದಿದ್ದೆ.

ಮೂರು ವಾರ ಕಳೆದರೂ ಎರಡು ಸಾಲು ಕೂಡಲಿಲ್ಲ. ಸಮಯ ಇಟ್ಟು ಪರೀಕ್ಷೆ ಕೊಟ್ಟರೆ ಅವರ ಪೆನ್ಸಿಲು ಮತ್ತೆ ಹಳೆಯ ದಾರಿಗೇ ಹೋಗುತ್ತಿತ್ತು. ಪರೀಕ್ಷೆಗೆ ಒಂದೂವರೆ ತಿಂಗಳು ಉಳಿದಿತ್ತು. ಆಗ ನಾನು ಒಂದು ಮಾತು ಹೇಳಿದೆ. ಅದನ್ನು ಹೇಳಿದಾಗ ಡ್ಯೂಟಿ ರೂಮಿನ ಫ್ಯಾನು ತಿರುಗುತ್ತಿರಲಿಲ್ಲ, ಕರೆಂಟು ಹೋಗಿತ್ತು, ಮಿಲ್ಲಿನ ಸದ್ದೂ ನಿಂತಿತ್ತು. ಆದ್ದರಿಂದ ನನ್ನ ಮಾತು ಚೆನ್ನಾಗಿ ಕೇಳಿಸಿತು... ಅದು ನನಗೆ ಸ್ಪಷ್ಟವಾಗಿ ನೆನಪಿದೆ. ಬರೀ ಪುಸ್ತಕದಲ್ಲಿ ಮಾಡಿದರೆ ಕೈ ಕಲಿಯುವುದಿಲ್ಲ, ಪರೀಕ್ಷೆ ಮುಗಿಯುವ ತನಕ ವಾರ್ಡಿನಲ್ಲೂ ಪೇಪರಿನ ಹಾಗೇ ಮಾಡಿ ಅಂದೆ. ಡ್ರಾಯರಿನ ಸಹಿ ಹಾಳೆ ಮುಟ್ಟಬೇಡಿ. ಪ್ರತಿಯೊಂದಕ್ಕೂ ನೋಡಿ, ಬರೆದು, ಫೋನ್ ಮಾಡಿ, ಆರ್ಡರ್ ತಗೊಂಡು ಆಮೇಲೆ ಕೊಡಿ.

“ಪರೀಕ್ಷಿ ಬ್ಯಾರೆ, ದವಾಖಾನಿ ಬ್ಯಾರೆ,” ಅಂದರು ಅವರು.

“ಬ್ಯಾರೆ ಅಂತ ತಿಳ್ಕೊಂಡಿದ್ದಕ್ಕ ಎರಡು ಸಲ ಹೋಗೇದ್ರೀ ಅಕ್ಕಾ.”

ಅವರು ಪುಸ್ತಕ ಮುಚ್ಚಿ ಪೆನ್ಸಿಲನ್ನು ಅದರ ಮೇಲಿಟ್ಟರು. ಆಮೇಲೆ “ಆತು” ಅಂದರು.

ಮೊದಲ ವಾರ ಅದೊಂದು ತಮಾಷೆಯೇ ಆಯಿತು. ಜ್ವರದ ಗುಳಿಗೆಗೂ ಫೋನ್ ಹೋಗುತ್ತಿತ್ತು. ಡಾಕ್ಟರ ಜೊತೆ ಊರೂರು ತಿರುಗುವ ಕಂಪೌಂಡರ್ ಫೋನ್ ಎತ್ತಿ, “ಏನ್ರೀ ದೊಡ್ಡ ಸಿಸ್ಟರ್, ನಿನ್ನಿ ಕೆಲಸಕ್ಕ ಸೇರಿದೋರ ಗತೆ ಮಾಡಾಕತ್ತೀರಿ? ನೆಗಡಿಗೂ ಸಾಹೇಬರನ್ನ ಕೇಳಬೇಕೇನು?” ಅಂತ ಕಾಡುತ್ತಿದ್ದ. ಸಿಸ್ಟರ್ ಸ್ಪೀಕರ್ ಹಾಕಿ ನನಗೆ ಕೇಳಿಸುತ್ತಿದ್ದರು. “ಕಲೀಲಿಕ್ಕತ್ತೀನಪ್ಪ, ಸೈರಿಸ್ಕೋ,” ಅನ್ನುತ್ತಿದ್ದರು. ಎರಡನೆಯ ವಾರಕ್ಕೆ ಪುಸ್ತಕದ ಎರಡು ಸಾಲುಗಳು ಹತ್ತಿರವಾಗತೊಡಗಿದವು. ನಾನು ಪುಟದ ಕೆಳಗೆ ಅಂಕ ಬರೆದು ಸುತ್ತು ಹಾಕುತ್ತಿದ್ದೆ, ಶಾಲೆಯ ಮಕ್ಕಳಿಗೆ ಹಾಕುವ ಹಾಗೆ.

ಮೂರನೆಯ ವಾರದ ಗುರುವಾರ.

ಗೋಡೆಯ ಗಡಿಯಾರದಲ್ಲಿ ಎರಡು ಇಪ್ಪತ್ತಾಗಿತ್ತು. ನಾನು ನೋಡಿದ್ದೆ, ಯಾಕಂದರೆ ಇಪ್ಪತ್ತು ಪ್ರಶ್ನೆಗೆ ಸಮಯ ಇಟ್ಟಿದ್ದೆ. ಆಟೋ ಬಂದು ನಿಂತ ಸದ್ದಾಯಿತು. ಇಬ್ಬರು ಗಂಡಸರು ಒಬ್ಬನನ್ನು ಎರಡೂ ಕಡೆ ಹಿಡಿದು ಒಳಗೆ ತಂದರು. ಗೊರೇಬಾಳದ ಕಡೆಯವರು. ಅವನಿಗೆ ಮೂವತ್ತರ ಆಸುಪಾಸು. ಮೈಯೆಲ್ಲ ಬೆವರು, ಬಾಯಿಯಿಂದ ಜೊಲ್ಲು, ಅಂಗಿ ಎದೆಗೆ ಅಂಟಿಕೊಂಡಿತ್ತು. ಅವನ ಜೊತೆ ಆ ವಾಸನೆಯೂ ಬಂತು.

ಬೆಳಿಗ್ಗೆಯಿಂದ ಗದ್ದೆಗೆ ಎಣ್ಣೆ ಹೊಡೆಯುತ್ತಿದ್ದನಂತೆ. ಮುಖಕ್ಕೆ ಅರಿವೆ ಕಟ್ಟಿರಲಿಲ್ಲ. ಜೊತೆಗೆ ಬಂದವರಲ್ಲಿ ಒಬ್ಬ ಅವನ ಹೆಂಡತಿಯ ಅಣ್ಣ. ಸಿಸ್ಟರ್ ಕೇಳಿದ್ದಕ್ಕೆ ಅವನು ಹೇಳಿದ, “ಪಂಪಿನ ನಾಜಲ್ ಕಟ್ಟಿತ್ರೀ. ಬಾಯಾಗಿಟ್ಟು ಊದಿದ. ಎಲ್ಲಾರೂ ಊದ್ತೀವ್ರಿ... ನಾನೂ ಊದೀನಿ.” ಹಾಗೆ ಹೇಳುತ್ತಾ ಅವನು ತನ್ನ ತುಟಿಯನ್ನು ಅಂಗಿಯ ತೋಳಿನಿಂದ ಒರೆಸಿಕೊಂಡ.

ಸಿಸ್ಟರ್ ಟಾರ್ಚು ಹಾಕಿ ಅವನ ಕಣ್ಣು ಬಿಡಿಸಿ ನೋಡಿದರು. ಕಣ್ಣಿನ ಪಾಪೆ ಸೂಜಿಯ ಮೊನೆಯಷ್ಟಾಗಿತ್ತು. ತೊಡೆಯ ಮೇಲೆ ಚರ್ಮದ ಕೆಳಗೆ ಸ್ನಾಯು ತಾನಾಗಿ ಅದುರುತ್ತಿತ್ತು. ಇಂಥ ಕೇಸು ಅವರು ಎಷ್ಟು ನೋಡಿದ್ದರೋ... ಹಂಗಾಮು ಬಂದರೆ ವಾರಕ್ಕೊಂದು. ಒಂದು ಕ್ಷಣವೂ ಯೋಚಿಸದೆ ಮೇಜಿನ ಹತ್ತಿರ ಬಂದು, ಆ ವಿಷ ಇಳಿಸಲು ಕೊಡುವ ಅಟ್ರೋಪಿನ್ ಇಟ್ಟಿದ್ದ ಕೆಳಗಿನ ಡ್ರಾಯರನ್ನು ಎಳೆದರು. ಆಂಪೂಲಿನ ಪೆಟ್ಟಿಗೆಯ ಮೇಲೆ ಅವರ ಕೈ ಇತ್ತು. ಆಗ ತಲೆ ಎತ್ತಿ ನನ್ನ ಕಡೆ ನೋಡಿದರು.

ನಾನು ಸುಮ್ಮನಿದ್ದೆ ಅಂತ ಬರೆಯಬೇಕು ಅಂತ ಹಲವು ಸಲ ಅನ್ನಿಸಿದೆ. ನಾನು ಸುಮ್ಮನಿರಲಿಲ್ಲ.

“ಮೊದಲು ಫೋನ್ ಮಾಡ್ರೀ ಅಕ್ಕಾ,” ಅಂದೆ.

ಅವರು ಡ್ರಾಯರನ್ನು ಮುಚ್ಚಿದರು.

ಆಮೇಲೆ ಆದದ್ದೆಲ್ಲ ಪುಸ್ತಕದಲ್ಲಿ ಇದ್ದ ಹಾಗೇ ಆಯಿತು. ಅವನ ಬಟ್ಟೆ ತೆಗೆಸಿದರು, ಸಾಬೂನು ನೀರಿನಿಂದ ಮೈ ತೊಳೆಸಿದರು. ಒಂದು ಮಗ್ಗಲಿಗೆ ಮಲಗಿಸಿ ಬಾಯಿಯ ಜೊಲ್ಲನ್ನು ಮಶೀನಿನಿಂದ ಎಳೆದು ತೆಗೆದರು. ಆಕ್ಸಿಜನ್ ಹಾಕಿದರು, ನರ ಹುಡುಕಿ ಸಲೈನ್ ಹಚ್ಚಿದರು. ನಾಡಿ, ಬಿ.ಪಿ., ಉಸಿರು ಎಲ್ಲವನ್ನೂ ಸಮಯದ ಸಮೇತ ಬರೆದರು. ಫೋನ್ ಹಚ್ಚುತ್ತಿದ್ದವಳು ನಾನು. ಮೊದಲ ಸಲ ಯಾರೂ ಎತ್ತಲಿಲ್ಲ. ಎರಡನೆಯ ಸಲವೂ ಎತ್ತಲಿಲ್ಲ. ಮೂರನೆಯ ಸಲ ಕಂಪೌಂಡರ್ ಎತ್ತಿದ. “ಸಾಹೇಬರು ಆಪರೇಶನ್‌ದಾಗ ಅದಾರ. ಹೊರಗ ಬಂದ ಕೂಡ್ಲೆ ಹೇಳ್ತೀನಿ,” ಅಂದ. ಎಣ್ಣೆಯ ಕೇಸು ಅಂತ ಹೇಳಿದೆ. “ಅದಕ್ಕ ದೊಡ್ಡ ಸಿಸ್ಟರ್ ಅದಾರಲ್ಲ?” ಅಂತ ಕೇಳಿದ. ಅವನು ನಗುತ್ತಿರಲಿಲ್ಲ, ನಿಜವಾಗಿಯೇ ಕೇಳಿದ್ದ.

ಸಿಸ್ಟರಿಗೆ ಅದು ಕೇಳಿಸಿತ್ತು. ಅವರು ಡ್ರಾಯರಿನ ಕಡೆ ನೋಡಿದರು. ಆಮೇಲೆ ತಾವು ಬರೆಯುತ್ತಿದ್ದ ಹಾಳೆಯ ಕಡೆ ನೋಡಿದರು. ಅವರ ಪೆನ್ನು ಒಂದೇ ಜಾಗದಲ್ಲಿ ಒತ್ತಿಕೊಂಡು ನಿಂತಿತ್ತು.

ಡಾಕ್ಟರ ಫೋನ್ ಬಂದದ್ದು ಎರಡು ನಲವತ್ತೊಂದಕ್ಕೆ. ಸ್ಪೀಕರಿನಲ್ಲಿತ್ತು. ಸಿಸ್ಟರ್ ಎಲ್ಲವನ್ನೂ ಕ್ರಮವಾಗಿ ಹೇಳಿದರು. ಡಾಕ್ಟರು ಕೇಳಿದರು.

“ಅಟ್ರೋಪಿನ್ ಎಷ್ಟ್ ಹೋಗೇದ?”

“ಇನ್ನಾ ಕೊಟ್ಟಿಲ್ರೀ. ನಿಮ್ಮ ಆರ್ಡರ್...”

“ಯಾವತ್ತ್ ನನ್ನ ಕೇಳಿ ಕೊಟ್ಟೀರಿ ಸಿಸ್ಟರ್? ಇವತ್ತ್ಯಾಕ ಕೇಳಾಕತ್ತೀರಿ?”

ಅಷ್ಟರಲ್ಲಿ ಆಂಪೂಲಿನ ಕತ್ತು ಒಡೆಯುವ ಸದ್ದು ಶುರುವಾಗಿತ್ತು. ಟಕ್. ಟಕ್. ಟಕ್. ಅಷ್ಟು ವೇಗವಾಗಿ ಕೈ ಓಡುವುದನ್ನು ನಾನು ಆಮೇಲೆ ಎಲ್ಲೂ ನೋಡಿಲ್ಲ. ನೆಲದ ಮೇಲೆ ಗಾಜಿನ ಸಣ್ಣ ಸಣ್ಣ ತಲೆಗಳು ಬಿದ್ದಿದ್ದವು. ಅವನ ಉಸಿರು ಗೊರಗೊರ ಅನ್ನುತ್ತಿತ್ತು. ಮೂರು ಹತ್ತಕ್ಕೆ ಆಂಬುಲೆನ್ಸ್ ಬಂತು. ಸಿಸ್ಟರ್ ಅದರಲ್ಲೇ ಹತ್ತಿ ಅವನ ಜೊತೆ ರಾಯಚೂರಿಗೆ ಹೊರಟರು. ಮಾನ್ವಿ ದಾಟುವ ಮುಂಚೆ ಅವನು ತೀರಿಕೊಂಡ.

ಆ ಇಪ್ಪತ್ತೊಂದು ನಿಮಿಷದ ಬಗ್ಗೆ ಆಮೇಲೆ ನಾನು ಮೂವರು ಡಾಕ್ಟರುಗಳನ್ನು ಕೇಳಿದ್ದೇನೆ, ಬೇರೆಯವರ ಕೇಸು ಅನ್ನುವ ಹಾಗೆ. ಒಬ್ಬರು, ಅಷ್ಟು ವಿಷ ಮೈಗೆ ಸೇರಿದ್ದರೆ ಮೊದಲೇ ಕೊಟ್ಟಿದ್ದರೂ ಉಳಿಯುವುದು ಕಷ್ಟ ಅಂದರು. ಇನ್ನೊಬ್ಬರು, ಬೇಗ ಕೊಟ್ಟಿದ್ದರೆ ಉಳಿಯುತ್ತಿದ್ದ ಅಂದರು. ಮೂರನೆಯವರು ಹೇಳಲಿಕ್ಕೆ ಬರುವುದಿಲ್ಲ ಅಂದರು. ನಾಲ್ಕನೆಯವರನ್ನು ನಾನು ಕೇಳಲಿಲ್ಲ.

ಯಾರೂ ಅವರ ಮೇಲೆ ತಪ್ಪು ಹೊರಿಸಲಿಲ್ಲ. ಡಾಕ್ಟರು ಹಾಳೆಯನ್ನು ಓದಿ, ಬರೆದದ್ದೆಲ್ಲ ಸರಿಯಾಗಿದೆ ಅಂದರು. ನಿಜವಾಗಿಯೂ ಸರಿಯಾಗಿತ್ತು, ನಮ್ಮ ಶಾಲೆಯ ಹುಡುಗಿಯರಿಗೆ ಮಾದರಿ ಅಂತ ತೋರಿಸಬಹುದಿತ್ತು. ಒಂಬತ್ತು ದಿನದ ಮೇಲೆ ಸತ್ತವನ ಹೆಂಡತಿ ಯಾವುದೋ ಕಾಗದಕ್ಕೆ ದವಾಖಾನೆಗೆ ಬಂದಿದ್ದಳು. ಹೋಗುವಾಗ ಸಿಸ್ಟರ್ ಕೈ ಹಿಡಿದು, “ನೀವು ಭಾಳ ಮಾಡಿದ್ರಿ ಯವ್ವಾ, ಆಟೋದಿಂದ ರಾಯಚೂರು ದಾರಿತನಕ ಕೈ ಬಿಡಲಿಲ್ಲಂತ,” ಅಂದಳು. ಸಿಸ್ಟರ್ ತಮ್ಮ ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳಲು ನೋಡಿದರು. ಅವಳು ಬಿಡಲಿಲ್ಲ.

ಮತ್ತೆ ಓದಲು ಕೂರುತ್ತಾರೆ ಅಂತ ನಾನು ಅಂದುಕೊಂಡಿರಲಿಲ್ಲ. ಆದರೆ ಆ ಗುರುವಾರದ ಮುಂದಿನ ಸೋಮವಾರವೇ ಒಂದೂವರೆಗೆ ಪುಸ್ತಕ ಹಿಡಿದು ಕೂತಿದ್ದರು. ನಾನು ಏನೋ ಹೇಳಲು ಬಾಯಿ ತೆರೆದೆ. “ಪ್ರಶ್ನಿ ಓದ್ರಿ,” ಅಂದರು. ಅಂದಿನಿಂದ ಅವರು ವಾದ ಮಾಡಲಿಲ್ಲ, ನಗಲಿಲ್ಲ, ಬಾಗಿಲ ಕಡೆ ನೋಡಲಿಲ್ಲ. ‘ಕೈ’ ಸಾಲಿನಲ್ಲಿ ಏನೂ ಬರೆಯುತ್ತಿರಲಿಲ್ಲ. ‘ಪೇ’ ಸಾಲಿನಲ್ಲಿ ಬರೆದದ್ದೆಲ್ಲ ಸರಿ ಇರುತ್ತಿತ್ತು. ಒಂದು ದಿನ ಇಡೀ ಪರೀಕ್ಷೆಯನ್ನು ಸಮಯ ಇಟ್ಟು ಮಾಡಿಸಿದೆ. ನಾನು ಪಾಸಾದಾಗ ತೆಗೆದದ್ದಕ್ಕಿಂತ ಹೆಚ್ಚು ಅಂಕ ಬಂದವು. ಅಂಕದ ಸುತ್ತ ಸುತ್ತು ಹಾಕಲು ನನಗೆ ಕೈ ಬರಲಿಲ್ಲ.

ಆ ಗುರುವಾರದ ಬಗ್ಗೆ ನಾವು ಮಾತಾಡಲೇ ಇಲ್ಲ. ನನ್ನಿಂದ ಹೀಗಾಯಿತು ಅಂತ ನಾನು ಹೇಳಬೇಕಿತ್ತು. ಪರೀಕ್ಷೆ ಮುಗಿದ ಮೇಲೆ ಹೇಳೋಣ, ಈಗ ಅವರ ಮನಸ್ಸು ಕದಡುವುದು ಬೇಡ ಅಂತ ನನಗೆ ನಾನೇ ಹೇಳಿಕೊಂಡೆ.

ಪರೀಕ್ಷೆ ಹೈದರಾಬಾದಿನಲ್ಲಿ, ಕಂಪ್ಯೂಟರಿನ ಮೇಲೆ. ನಾನೂ ಜೊತೆಗೆ ಹೋದೆ. ಬಸ್ಸಿನಲ್ಲಿ ಅವರು ಜೋಳದ ರೊಟ್ಟಿ, ಶೇಂಗಾ ಚಟ್ನಿ ಬಿಚ್ಚಿ ನನಗೆ ಹಾಕಿಕೊಟ್ಟರು, ತಾವು ಅರ್ಧ ರೊಟ್ಟಿ ತಿಂದರು. ಒಳಗೆ ಹೋಗುವಾಗ ತಮ್ಮ ಗಡಿಯಾರ ಬಿಚ್ಚಿ ನನ್ನ ಕೈಗೆ ಕೊಟ್ಟರು. ನಾನು ಹೊರಗೆ ಒಂದು ಕಬ್ಬಿಣದ ಬೆಂಚಿನ ಮೇಲೆ ಕೂತೆ. ಪರೀಕ್ಷೆ ಬರೆದವರು ಒಬ್ಬೊಬ್ಬರಾಗಿ ಹೊರಗೆ ಬಂದರು. ಅವರು ಎಲ್ಲರಿಗಿಂತ ಕೊನೆಗೆ ಬಂದರು. ಮುಖದಲ್ಲಿ ಏನೂ ಇರಲಿಲ್ಲ. ಗಡಿಯಾರ ತೆಗೆದುಕೊಂಡು ಕಟ್ಟಿಕೊಂಡರು, ಬಕಲು ಹಾಕಲು ಎರಡು ಸಲ ತಪ್ಪಿತು.

“ಮೊದಲಿನ್ವು ಎಲ್ಲಾ ಆದ್ವು,” ಅಂದರು. “ಅರ್ಧ ಆದ ಮ್ಯಾಲ ಅದು ಬಂತು. ಎಣ್ಣಿದು. ಮೊದ್ಲ ಏನ್ ಮಾಡ್ತಿ ಅಂತ. ನಾಕು ಕೊಟ್ಟಿದ್ರು... ಯಾವ್ದೂ ಒತ್ತಲಿಲ್ಲ ಬೇ. ಅದರ ಮುಂದ ಕುಂತೆ. ಆಮ್ಯಾಲ ಟೈಮ್ ಮುಗದು ಅದ ತಾನ ಬಂದ್ ಆತು.”

ಬಿಟ್ಟು ಮುಂದಿನ ಪ್ರಶ್ನೆಗೆ ಹೋಗಬಹುದಿತ್ತಲ್ಲ ಅಂತ ಕೇಳಿದೆ. ಅಂಥದ್ದನ್ನು ಕೇಳಿದವಳು ನಾನೇ.

“ಬಿಟ್ಟು ಹ್ಯಾಂಗ ಹೋಗ್ಲಿ?” ಅಂದರು.

ವಾಪಸ್ಸು ಬರುವಾಗ ರಾಯಚೂರಿನ ತನಕ ಅವರು ಕಣ್ಣು ಮುಚ್ಚಿಕೊಂಡಿದ್ದರು. ನಿದ್ದೆ ಬಂದಿರಲಿಲ್ಲ, ರೆಪ್ಪೆ ಅಲುಗುತ್ತಿತ್ತು. ಹೇಳಬೇಕು ಅಂದುಕೊಂಡಿದ್ದ ಮಾತನ್ನು ನಾನು ಆವತ್ತೂ ಹೇಳಲಿಲ್ಲ. ಮೂರನೆಯ ಸಲವೂ ಅವರು ನಪಾಸಾದರು. ಮುಂದೆ ಎರಡು ತಿಂಗಳಿಗೆ ನನ್ನ ವೀಸಾ ಬಂತು. ಹೊರಡುವ ಮುಂಚೆ ದವಾಖಾನೆಗೆ ಹೋದೆ. ಅವರು ಒಂದು ಮುದುಕಿಗೆ ಸೂಜಿ ಹಾಕುತ್ತಿದ್ದರು, ಎರಡು ಕಡೆ ಚುಚ್ಚಿದರೂ ನರ ಸಿಕ್ಕಿರಲಿಲ್ಲ. “ಹೋಗಿ ಬರ್ರಿ ಟೀಚರಮ್ಮ,” ಅಂದರು, ತಲೆ ಎತ್ತದೆ. “ಅಲ್ಲಿ ಡಾಕ್ಟರು ಬಾಗಲದಾಗ ನಿಂತಿರ್ತಾರೇನು ನೋಡಿ ಹೇಳ್ರಿ.”

ನಿಂತಿರುತ್ತಿದ್ದರು. ನಾನು ಸೇರಿದ ವಾರ್ಡಿನಲ್ಲಿ ಗಂಟೆ ಒತ್ತಿದರೆ ನಿಮಿಷದೊಳಗೆ ಡಾಕ್ಟರು ಓಡಿ ಬರುತ್ತಿದ್ದರು. ಅಷ್ಟೇ ಅಲ್ಲ. ತುರ್ತು ಔಷಧದ ಕಪಾಟಿನ ಮೇಲೆ ಒಂದು ಹಾಳೆ ಅಂಟಿಸಿದ್ದರು: ಇಂಥ ಇಂಥ ಲಕ್ಷಣ ಇದ್ದರೆ, ಡಾಕ್ಟರು ಬರುವ ಮುಂಚೆಯೇ ನರ್ಸ್ ಇಂಥ ಔಷಧ ಶುರು ಮಾಡಬಹುದು. ಕೆಳಗೆ ದೊಡ್ಡ ಡಾಕ್ಟರ ಸಹಿ. ನಾನು ಮೊದಲ ದಿನ ಅದನ್ನು ಓದಿ ಅಲ್ಲೇ ನಿಂತೆ. ಸಹಿ ಮಾಡಿದ ಹಾಳೆ ಅಲ್ಲಿಯೂ ಇತ್ತು. ಗೋಡೆಯ ಮೇಲಿತ್ತು, ಎಲ್ಲರ ಕಣ್ಣಿಗೆ ಬೀಳುವ ಹಾಗೆ. ಅವರಿಗೆ ಬರೆದು ತಿಳಿಸಬೇಕು ಅಂದುಕೊಂಡೆ. ಎಂಟು ವರ್ಷ ಅಂದುಕೊಳ್ಳುತ್ತಲೇ ಇದ್ದೆ...

ಹೋದ ವಾರ ರಜೆಗೆ ಲಿಂಗಸುಗೂರಿಗೆ ಬಂದಾಗ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಸಿಕ್ಕು, ದೊಡ್ಡ ಸಿಸ್ಟರ್ ತೀರಿಕೊಂಡ ಸುದ್ದಿ ಹೇಳಿದಳು. ಇವತ್ತು ಬೆಳಿಗ್ಗೆ ಮಸ್ಕಿಗೆ ಹೋದೆ. ಅವರ ತಮ್ಮ ಮನೆಯಲ್ಲಿದ್ದರು, ಬ್ಯಾಂಕಿನ ನೌಕರಿಯವರು. ಚಹಾ ಕೊಟ್ಟು, ನಿಧಾನವಾಗಿ ಎಲ್ಲ ಹೇಳಿದರು. ಪರೀಕ್ಷೆಯಾದ ವರ್ಷವೇ ಅಕ್ಕ ಸಿಂಧನೂರು ಬಿಟ್ಟು ಬಂದರಂತೆ. ಮಸ್ಕಿಯಲ್ಲೇ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ವಾರ್ಡನ್ ಆದರಂತೆ. ಯಾರಿಗಾದರೂ ಜ್ವರ ಬಂದರೆ ಥರ್ಮಾಮೀಟರ್ ಸಹ ಹಚ್ಚುತ್ತಿರಲಿಲ್ಲವಂತೆ, ಆಟೋ ಕರೆಸಿ ದವಾಖಾನೆಗೆ ಕಳಿಸಿಬಿಡುತ್ತಿದ್ದರಂತೆ. ಐದು ತಿಂಗಳ ಹಿಂದೆ ಒಂದು ಬೆಳಿಗ್ಗೆ ಎದೆ ನೋವು ಅಂದರು, ಒಯ್ಯುವಷ್ಟರಲ್ಲಿ ಮುಗಿದಿತ್ತು. ಗೂಡಿನಲ್ಲಿ ಅದೇ ಬುದ್ಧನ ಮೂರ್ತಿ, ಅದೇ ವಿಭೂತಿ ಗಟ್ಟಿ ಇದ್ದವು. ಅವುಗಳ ಹಿಂದಿನಿಂದ ಅವರು ಪುಸ್ತಕವನ್ನು ತೆಗೆದು ಕೊಟ್ಟರು.

“ಮಧ್ಯಾಹ್ನ ಆತಂದ್ರ ಇದನ್ನ ಹಿಡ್ಕೊಂಡು ಕುಂದ್ರತಿದ್ಲ್ರೀ,” ಅಂದರು. “ಇನ್ನಾ ಪರೀಕ್ಷಿ ಐತೇನಕ್ಕಾ ಅಂದ್ರ, ಹೂಂ, ಐತಿ ಅಂತಿದ್ಲು. ನಮಗ ತಿಳೀಲಿಲ್ಲ. ನೀವು ಟೀಚರ್ರಂತಲ್ಲ. ಯಾವಾಗ ಇತ್ರೀ ಪರೀಕ್ಷಿ?”

ನಾನು ಪುಸ್ತಕ ತೆಗೆದುಕೊಂಡು ಎದ್ದೆ. ಮೂರು ಸಲ ಮುಗಿದ ಮೇಲೆ ಇನ್ನೊಂದು ಇರಲಿಲ್ಲ. ಅದು ದೊಡ್ಡ ಸಿಸ್ಟರಿಗೂ ಗೊತ್ತಿತ್ತು. ಊರ ಕಡೆ ಹೋಗದೆ, ಆ ದವಾಖಾನೆಯನ್ನು ಒಂದು ಸಲ ನೋಡೋಣ ಅಂತ ಸಿಂಧನೂರಿನ ಬಸ್ಸು ಹತ್ತಿದೆ.

ಕಿಟಕಿ ಮುಚ್ಚಿದ ಮೇಲೂ ವಾಸನೆ ಬಸ್ಸಿನೊಳಗೆ ಸ್ವಲ್ಪ ಹೊತ್ತು ಉಳಿಯಿತು. ಪುಸ್ತಕವನ್ನು ಬಿಚ್ಚಿದೆ. ನಾವು ಓದದೆ ಬಿಟ್ಟಿದ್ದ ಕೊನೆಯ ಪುಟಗಳಿಗೂ ಅಂಚಿನಲ್ಲಿ ಗೆರೆ ಎಳೆದಿದ್ದರು, ಸ್ಕೇಲಿಟ್ಟು, ನೇರವಾಗಿ. ಪ್ರತಿ ಪ್ರಶ್ನೆಗೂ ಎರಡೂ ಸಾಲಿನಲ್ಲಿ ಉತ್ತರ ಇತ್ತು. ಅಳಿಸಿ ಬರೆದು, ಮತ್ತೆ ಅಳಿಸಿ ಬರೆದು ಕೆಲವು ಕಡೆ ಹಾಳೆ ತೆಳ್ಳಗಾಗಿ ಹಿಂದಿನ ಪುಟದ ಅಕ್ಷರ ಕಾಣುತ್ತಿತ್ತು. ಎರಡು ಸಾಲನ್ನೂ ಕೂಡಿಸಲು ಅವರು ಎಂಟು ವರ್ಷ ಕೂತಿದ್ದರು. ಎಣ್ಣೆಯ ಪ್ರಶ್ನೆ ಎಲ್ಲಿತ್ತು ಅಂತ ನನಗೆ ಗೊತ್ತಿತ್ತು, ಹುಡುಕಬೇಕಾಗಲಿಲ್ಲ. ಅಲ್ಲಿ ಎರಡೂ ಕಡೆ ಖಾಲಿ ಇತ್ತು. ಅಳಿಸಿದ ಗುರುತೂ ಇರಲಿಲ್ಲ. ಪುಟದ ಆ ಮೂಲೆ ಮಾತ್ರ ಬೆರಳು ಇಟ್ಟು ಇಟ್ಟು ಕಪ್ಪಾಗಿತ್ತು.

ನನ್ನ ಬ್ಯಾಗಿನಲ್ಲಿ ಪೆನ್ನಿತ್ತು. ಪೇಪರಿನ ಉತ್ತರ ನನಗೆ ಇವತ್ತಿಗೂ ಬಾಯಿಪಾಠ. ಪೆನ್ನು ತೆಗೆದು ಸ್ವಲ್ಪ ಹೊತ್ತು ಹಿಡಿದುಕೊಂಡೆ. ಹಾದಿಯುದ್ದಕ್ಕೂ ಗದ್ದೆಗಳು ಹಸಿರಾಗಿ ನಿಂತಿದ್ದವು. ಬೆನ್ನ ಮೇಲೆ ಪಂಪು ಹೊತ್ತ ಇನ್ನೊಬ್ಬ ಬದುವಿನ ಮೇಲೆ ನಿಂತು ನಾಜಲನ್ನು ಬಾಯಿಯ ಹತ್ತಿರ ತರುತ್ತಿದ್ದ. ಬಸ್ಸು ಓಡುತ್ತಿತ್ತು. ಅವನು ಊದಿದನೋ ಇಲ್ಲವೋ ಕಾಣಲಿಲ್ಲ.

ಕಂಡಕ್ಟರ್ ಸಿಂಧನೂರು ಅಂತ ಕೂಗಿದ. ಪುಸ್ತಕ ಮುಚ್ಚಿ, ಎಲ್ಲರೂ ಇಳಿದ ಮೇಲೆ ಇಳಿದೆ.